ಹನ್ನೊಂದು ಮಂದಿಯೂ ಕ್ಷೇಮ

ನಾನು ಅಧ್ಯಕ್ಷೆಯಾದದ್ದು ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡಿದ್ದ ತಪ್ಪಿಗೆ.

ನಮ್ಮ ಸಂಘದ ಕಚೇರಿ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಹತ್ತೊಂಬತ್ತು ಮೆಟ್ಟಿಲು, ಒಂದು ಕಿಟಕಿ, ಒಂದು ಸೋರುವ ನಲ್ಲಿ. ಆ ದಿನ ಸಭೆ ನಡೆಯುತ್ತಿದ್ದಾಗ ನಾನು ಕಿಟಕಿಯ ಕೆಳಗೆ ಮಂಡಿಯೂರಿ ಪರದೆಯ ಅಂಚಿಗೆ ಸೂಜಿ ಚುಚ್ಚುತ್ತಿದ್ದೆ. ನಾನು ದರ್ಜಿ. ಕೈ ಸುಮ್ಮನಿದ್ದರೆ ನನಗೆ ಕಿವಿಯೂ ಕೇಳಿಸುವುದಿಲ್ಲ. ಹಿಂದೆ ಯಾರೋ ನನ್ನ ಹೆಸರು ಹೇಳಿದರು, ಇನ್ಯಾರೋ ಅನುಮೋದಿಸಿದರು, "ಬೇಡ ಅನ್ನೋದಿದ್ರೆ ಈಗಲೇ ಅನ್ನಿ" ಎಂದರು ಹೆಡ್‌ಮೇಡಂ. ಬಾಯಲ್ಲಿ ಏಳು ಸೂಜಿಗಳಿದ್ದವು. ಅವನ್ನು ನುಂಗುವುದೋ ಅಧ್ಯಕ್ಷೆಯಾಗುವುದೋ ಎಂದು ನಾನು ಯೋಚಿಸುವಷ್ಟರಲ್ಲಿ ಚಪ್ಪಾಳೆ ಮುಗಿದುಹೋಗಿತ್ತು.

ಯಾರೂ ಹಂಬಲಿಸುವ ಕುರ್ಚಿಯೇನಲ್ಲ ಅದು. ಸರ್ಕಾರಕ್ಕೆ ಹಿಡಿಸದ ಮಾತು ಆಡಿ, ಬರೆದು ಜೈಲು ಸೇರಿದವರ ಪರವಾಗಿ ನಿಲ್ಲುವುದು ನಮ್ಮ ಕೆಲಸ. ಆ ಕುರ್ಚಿಯಲ್ಲಿ ಕೂತವರ ಮನೆಯ ಮುಂದೆ ಆಗಾಗ ಒಂದು ಬೂದು ಬಣ್ಣದ ಕಾರು ಬಂದು ನಿಲ್ಲುತ್ತದೆ, ಅದರೊಳಗಿನವರು ಕಡಲೆಕಾಯಿ ತಿಂದು ಸಿಪ್ಪೆ ಬಿಸಾಕಿ ಹೋಗುತ್ತಾರೆ. ಆದರೂ ಅದಕ್ಕೆ ಆಸೆಪಟ್ಟವರು ಒಬ್ಬರಿದ್ದರು, ನಮ್ಮ ಔಷಧಿ ಅಂಗಡಿಯವರು. ಅವರು ಸಭೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಪಾಪ. ನಾನು ಆಯ್ಕೆಯಾದ ಮೇಲೆ ಕೈ ಕುಲುಕಿ, "ಅಳತೆ ಟೇಪ್ ಹಿಡಿಯೋದಕ್ಕೂ ಸಂಘ ನಡೆಸೋದಕ್ಕೂ ವ್ಯತ್ಯಾಸ ಇದೆ, ನಿಧಾನಕ್ಕೆ ಗೊತ್ತಾಗತ್ತೆ" ಎಂದರು. ನಿಧಾನಕ್ಕೇನೂ ಆಗಲಿಲ್ಲ. ಮೂರನೇ ವಾರದಲ್ಲೇ ಗೊತ್ತಾಯಿತು.

ನನಗಿಂತ ಮುಂಚೆ ಹದಿನೆಂಟು ವರ್ಷ ಅಧ್ಯಕ್ಷೆಯಾಗಿದ್ದವರು ಹೆಡ್‌ಮೇಡಂ. ನಿವೃತ್ತ ಮುಖ್ಯೋಪಾಧ್ಯಾಯಿನಿ, ವಯಸ್ಸು ಎಪ್ಪತ್ತನಾಲ್ಕು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ಉಳಿದರ್ಧಕ್ಕೆ ಕಿವಿ ಹಿಂಡಿದವರು. ಮಂಡಿ ನೋವು ಜಾಸ್ತಿಯಾಗಿ ಹತ್ತೊಂಬತ್ತು ಮೆಟ್ಟಿಲು ಹತ್ತುವುದು ಕಷ್ಟವಾಯಿತೆಂದು ಅಧಿಕಾರ ಬಿಟ್ಟರು. ಸಭೆಗೆ ಬರುವುದನ್ನೇನೂ ಬಿಡಲಿಲ್ಲ. ಪ್ರತಿ ಶನಿವಾರ ಔಷಧಿಯವರೂ ನಮ್ಮ ವಕೀಲನೂ ಅವರನ್ನು ಕುರ್ಚಿ ಸಮೇತ ಎತ್ತಿ ಮೇಲಕ್ಕೆ ತರುತ್ತಾರೆ. ಮೇಲೆ ಬರುವವರೆಗೂ ಅವರು "ಎಡಕ್ಕೆ, ಎಡಕ್ಕೆ ಅಂದೆ" ಎಂದು ಇಬ್ಬರನ್ನೂ ಗದರಿಸುತ್ತಿರುತ್ತಾರೆ.

ಅವರ ಕಾಲದ ಕಟ್ಟಳೆಗಳು ಹಾಗೇ ಉಳಿದಿದ್ದವು. ಜೈಲಿನಲ್ಲಿರುವ ನಮ್ಮವರ ಹೆಸರು, ವಯಸ್ಸುಗಳ ಪಟ್ಟಿಯನ್ನು ಪ್ರತಿ ಸೋಮವಾರ ಬೆಳಿಗ್ಗೆ ಅಧ್ಯಕ್ಷೆಯೇ ಹೊಸದಾಗಿ ಕೈಯಲ್ಲಿ ಬರೆದು, ಹತ್ತು ಗಂಟೆಗೆ ಜೈಲಿನ ಕೌಂಟರಿಗೆ ಕೊಡಬೇಕು. ಇವರೆಲ್ಲ ಇಲ್ಲಿದ್ದಾರೆಯೇ, ಹೇಗಿದ್ದಾರೆ ಎಂದು ಕೇಳಬೇಕು. ಜೆರಾಕ್ಸ್ ಮಾಡುವ ಹಾಗಿಲ್ಲ. "ಮಿಷನ್‌ಗೆ ನೆನಪಿರಲ್ಲ, ಕೈಗೆ ಇರತ್ತೆ" ಎನ್ನುತ್ತಿದ್ದರು. ಎರಡನೆಯದು ಇನ್ನೂ ವಿಚಿತ್ರ. ಸಭೆ ನಡೆಯುವಾಗ ಕೋಣೆಯೊಳಗೆ ಯಾರಿದ್ದರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಲೇಬೇಕು. ದಾರಿ ತಪ್ಪಿ ಮೇಲೆ ಬಂದ ಅಂಚೆಯವನೂ ಒಮ್ಮೆ ಹಾಕಿದ್ದ. ಆ ಹಾಜರಿಯನ್ನೂ ಅಧ್ಯಕ್ಷೆಯೇ ಸೋಮವಾರ ಬಿಡಿ ಹಾಳೆಯಲ್ಲಿ ಹೆಸರು, ವಯಸ್ಸು ಸಹಿತ ನಕಲು ಮಾಡಿ ಕಚೇರಿಯ ಗೋಡೆಗೆ ಅಂಟಿಸಬೇಕು. ಯಾವ ಹಾಳೆಗೂ ತಲೆಬರಹ ಇಲ್ಲ. ಹೆಡ್‌ಮೇಡಂ ಪ್ರಕಾರ ತಲೆಬರಹ ಎಂದರೆ ಕಾಗದ ದಂಡ.

ಈಗ ನನ್ನ ಅಣ್ಣನ ವಿಷಯ ಹೇಳಬೇಕು, ಏಕೆಂದರೆ ಆ ಪಟ್ಟಿಯಲ್ಲಿ ಅವನಿದ್ದ.

ಅಣ್ಣ ಬೋರ್ಡು ಬರೆಯುವವನು. ಊರಿನ ಅಂಗಡಿಗಳ ಹೆಸರುಗಳಲ್ಲಿ ಮುಕ್ಕಾಲು ಪಾಲು ಅವನ ಅಕ್ಷರ. ಒಂದು ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಏಣಿ ಇಟ್ಟು ದೊಡ್ಡ ಸಾಹೇಬರ ಕಚೇರಿಯ ಕಾಂಪೌಂಡ್ ಗೋಡೆಯ ಮೇಲೆ ಬರೆದ: 'ಪೊಲೀಸರು ಬಸ್ಸಿನಲ್ಲಿ ಕರೆದುಕೊಂಡು ಹೋದ ನಲವತ್ತು ಮಂದಿ ಎಲ್ಲಿ?' ದಾರ ಕಟ್ಟಿ ಗೆರೆ ಹಾಕಿ, ನೆರಳು ಕೊಟ್ಟು, ಎರಡು ಬಣ್ಣದಲ್ಲಿ ಬರೆದ. ಬರೆದವನು ಯಾರೆಂದು ಪೊಲೀಸರಿಗೆ ಹುಡುಕುವ ಕಷ್ಟವೇ ಬರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಬಲಗಡೆ ಮೂಲೆಯಲ್ಲಿ ತನ್ನ ಅಂಗಡಿಯ ವಿಳಾಸವನ್ನೂ ಬರೆದು ಬಂದಿದ್ದ.

ಇದನ್ನು ನೆನೆದು ನಾನು ನಗುತ್ತೇನೆ, ಮರುಗಳಿಗೆ ಅವನ ತಲೆಗೆ ಮೊಟಕಬೇಕೆನಿಸುತ್ತದೆ. ಮೊಟಕಲು ತಲೆ ಸಿಗಬೇಕಲ್ಲ. ಹದಿನಾಲ್ಕು ತಿಂಗಳಿಂದ ಅವನನ್ನು ಯಾರೂ ಕಂಡಿರಲಿಲ್ಲ. ಭೇಟಿಗೆ ಹೋದರೆ "ಅವರೇ ಬೇಡ ಅಂದಿದ್ದಾರೆ" ಎಂದು ವಾಪಸು ಕಳಿಸುತ್ತಿದ್ದರು. ನಮ್ಮ ಸೋಮವಾರದ ಪಟ್ಟಿಗೆ ಪ್ರತಿ ಶುಕ್ರವಾರ ಉತ್ತರ ಬರುತ್ತಿತ್ತು: ಎಲ್ಲರೂ ಕ್ಷೇಮ, ಎಲ್ಲರೂ ಸ್ವ-ಇಚ್ಛೆಯಿಂದ ಸಂಬಂಧಿಕರ ಭೇಟಿ ನಿರಾಕರಿಸಿದ್ದಾರೆ. ನನಗೆ ಆ 'ಕ್ಷೇಮ' ಎಂಬ ಪದದ ಮೇಲೆ ನಂಬಿಕೆ ಇರಲಿಲ್ಲ. ಅಣ್ಣ ಬದುಕಿಲ್ಲವೇನೋ ಎಂಬ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ.

ಅತ್ತಿಗೆಯ ಸಂಕಟ ಬೇರೆ ತರಹದ್ದು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವವಳು, ಮಾತು ಕಡಿಮೆ. ಅಣ್ಣ ಹೋದ ದಿನ ಬೆಳಿಗ್ಗೆ ಇಬ್ಬರಿಗೂ ಏಣಿಯ ವಿಷಯಕ್ಕೆ ಜಗಳವಾಗಿತ್ತಂತೆ. ಹಜಾರದಲ್ಲಿ ಅಡ್ಡ ಬಿದ್ದಿದ್ದ ಏಣಿಗೆ ಕಾಲು ಬಡಿದು, "ಆ ಏಣಿ ಜೊತೆಗೇ ಸಂಸಾರ ಮಾಡು ಹೋಗು" ಎಂದಿದ್ದಳಂತೆ. ಅವನು ಏಣಿ ಹೊತ್ತುಕೊಂಡು ಹೋದವನು ಮರಳಲಿಲ್ಲ. ಭೇಟಿ ಬೇಡ ಎಂದಿದ್ದಾನೆ ಎಂಬ ಕಾಗದ ಬಂದಾಗಲೆಲ್ಲ ಅವಳು ಅದನ್ನು ಹಾಸಿಗೆ ಬಟ್ಟೆಯಂತೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ನ್ಯಾಯಾಲಯಕ್ಕೂ ಹೋಗಿದ್ದೆವು. ಜೈಲಿನಲ್ಲಿರುವ ನಮ್ಮ ಹನ್ನೊಂದು ಮಂದಿಯನ್ನೂ ಎದುರಿಗೆ ತಂದು ತೋರಿಸಿ ಎಂದು ಅರ್ಜಿ ಹಾಕಿದ್ದೆವು. ಎರಡು ಸಲವೂ ನ್ಯಾಯಾಧೀಶರು, ಜವಾಬ್ದಾರಿಯುತ ಅಧಿಕಾರಿ ಲಿಖಿತ ಉತ್ತರ ಕೊಟ್ಟಿರುವಾಗ ತೋರಿಸುವ ಅಗತ್ಯವೇನು ಎಂದು ಮುಂದಕ್ಕೆ ಹಾಕಿದ್ದರು. ಮೂರನೇ ಸಲ, ಕೊನೇ ಸಲ, ಆ ತಿಂಗಳ ಕೊನೆಯ ಮಂಗಳವಾರ ಇತ್ತು.

ಹೀಗಿರುವಾಗ ನನ್ನ ಅಧ್ಯಕ್ಷಗಿರಿಯ ಮೂರನೇ ಶನಿವಾರದ ಸಭೆಗೆ ಸದಸ್ಯರು ಹತ್ತು ಮಂದಿ ಬಂದರು, ನಲ್ಲಿ ರಿಪೇರಿಗೆ ಪ್ಲಂಬರ್ ಒಬ್ಬ ಬಂದ. ಅವನೂ ಪುಸ್ತಕಕ್ಕೆ ಸಹಿ ಹಾಕಬೇಕಾಯಿತು. "ನಾನು ನಲ್ಲಿಗೆ ಬಂದೋನು ಮೇಡಂ" ಎಂದು ಅವನು ಬೇಡಿಕೊಂಡ. "ನಲ್ಲಿ ಎಲ್ಲಿದೆ? ಕೋಣೆ ಒಳಗೆ. ನೀನೆಲ್ಲಿದ್ದೀಯ?" ಎಂದರು ಹೆಡ್‌ಮೇಡಂ. ಅವನು ಒದ್ದೆ ಕೈಯಲ್ಲೇ ಹೆಸರು, ವಯಸ್ಸು ಬರೆದ.

ಸೋಮವಾರ ಬೆಳಿಗ್ಗೆ ನನ್ನ ಅಂಗಡಿಯ ಕತ್ತರಿ ಮೇಜಿನ ಮೇಲೆ ಕೂತು ಎರಡು ಹಾಳೆ ಬರೆದೆ. ಒಂದರಲ್ಲಿ ಜೈಲಿನ ಹನ್ನೊಂದು ಮಂದಿ, ಇನ್ನೊಂದರಲ್ಲಿ ನಮ್ಮ ಹನ್ನೊಂದು ಮಂದಿ. ಎರಡೂ ನನ್ನದೇ ಅಕ್ಷರ, ಒಂದೇ ತರಹದ ಹಾಳೆ, ತಲೆಬರಹ ಎಂಬುದಿಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು ಸೊಂಟದ ಅಳತೆ ಕೊಡುತ್ತ ಹೊಟ್ಟೆ ಒಳಗೆಳೆದುಕೊಂಡಳು, ನಾನು "ಉಸಿರು ಬಿಡಮ್ಮ" ಎಂದೆ, ಅವಳು ಬಿಡಲೊಲ್ಲಳು. ಆ ವಾದ ಮುಗಿಸಿ, ಒಂದು ಹಾಳೆಯನ್ನು ಕಚೇರಿಯ ಗೋಡೆಗೆ ಅಂಟಿಸಿ, ಇನ್ನೊಂದಕ್ಕೆ ಮೇಲೊಂದು ಕೋರಿಕೆ ಪತ್ರ ಲಗತ್ತಿಸಿ ಜೈಲಿಗೆ ಓಡಿದೆ. ಕೌಂಟರಿನ ಗುಮಾಸ್ತ ಎಂದಿನಂತೆ ಪೆನ್ನಿನ ಹಿಂಭಾಗದಿಂದ ಸಾಲು ಎಣಿಸಿದ. "ಹನ್ನೊಂದಾ? ಹನ್ನೊಂದು." ಮೊಹರು ಹೊಡೆದ. ನಾನು ಸಮಾಧಾನವಾಗಿ ಅಂಗಡಿಗೆ ಮರಳಿ ಇನ್ನೂ ನಾಲ್ಕು ಸೊಂಟ ಅಳೆದೆ.

ಶುಕ್ರವಾರ ಬಂದ ಉತ್ತರದ ಲಕೋಟೆಯನ್ನು ಶನಿವಾರದ ಸಭೆಯಲ್ಲೇ ಒಡೆಯಬೇಕು, ಅಧ್ಯಕ್ಷೆ ನಿಂತು ಓದಬೇಕು. ಅದೂ ಒಂದು ಕಟ್ಟಳೆ. ನಾನು ನಿಂತೆ, ಕನ್ನಡಕ ಏರಿಸಿದೆ, ಓದಿದೆ.

"ತಮ್ಮ ಪಟ್ಟಿಯಲ್ಲಿ ನಮೂದಿಸಿರುವ ಈ ಕೆಳಕಂಡ ಹನ್ನೊಂದು ಮಂದಿ ಬಂದಿಗಳೂ ಈ ಕಾರಾಗೃಹದಲ್ಲಿ ಕ್ಷೇಮವಾಗಿದ್ದಾರೆ. ಪ್ರತಿದಿನ ಬೆಳಿಗ್ಗೆ ವ್ಯಾಯಾಮದಲ್ಲಿ ಭಾಗವಹಿಸುತ್ತಾರೆ. ನಡತೆ ತೃಪ್ತಿಕರ. ಎಲ್ಲರೂ ಸ್ವ-ಇಚ್ಛೆಯಿಂದ ಸಂಬಂಧಿಕರ ಭೇಟಿ ನಿರಾಕರಿಸಿದ್ದಾರೆ. ಕ್ರಮಸಂಖ್ಯೆ ಒಂದು."

ಕ್ರಮಸಂಖ್ಯೆ ಒಂದು ನಾನೇ.

ನಾನು ಬಾಯಿ ಮುಚ್ಚಿದೆ. ಕಣ್ಣು ಮಾತ್ರ ಕೆಳಗಿಳಿಯುತ್ತ ಹೋಯಿತು. ಎರಡು ಹೆಡ್‌ಮೇಡಂ. ಮೂರು ಔಷಧಿಯವರು. ನಾಲ್ಕು ನಮ್ಮ ವಕೀಲ. ಐದು ಅತ್ತಿಗೆ. ಕೊನೆಗೆ ಹನ್ನೊಂದು ಪ್ಲಂಬರ್, ವಯಸ್ಸು ನಲವತ್ತೆರಡು. ಗೋಡೆಯ ಕಡೆ ತಿರುಗಿದೆ. ನನ್ನ ಹಿಂದೆಯೇ ಎಲ್ಲರೂ ತಿರುಗಿದರು. ಹಾಜರಿ ಇರಬೇಕಾದ ಜಾಗದಲ್ಲಿ ಜೈಲಿನ ಹನ್ನೊಂದು ಮಂದಿಯ ಹೆಸರಿತ್ತು. ಐದು ದಿನದಿಂದ ಅಲ್ಲೇ ಇತ್ತು. ಐದು ದಿನ ನಾವೆಲ್ಲ ಅದರ ಮುಂದೆ ಓಡಾಡಿದ್ದೆವು, ಟೀ ಕುಡಿದಿದ್ದೆವು.

"ಹೋಗ್ಲಿ ಬಿಡಿ, ಹೋದ ವಾರದ ಸಭೆಗೆ ಅವ್ರಾದ್ರೂ ಬಂದಿದ್ರಲ್ಲ" ಎಂದರು ಹೆಡ್‌ಮೇಡಂ.

ಮೊದಲು ನಕ್ಕವನು ವಕೀಲ. ಅವನದು ಉದ್ದ ಕತ್ತು, ಗಿಡ್ಡ ತೋಳಿನ ಕೋಟು, ಅರ್ಧಕ್ಕೇ ನಿಲ್ಲುವ ವಾಕ್ಯಗಳು. ಉಳಿದರ್ಧವನ್ನು ಕೈ ಬೀಸಿ ಮುಗಿಸುತ್ತಾನೆ. ಅವನು "ಹೆಡ್‌ಮೇಡಂ ದಿನಾ ವ್ಯಾಯಾಮ..." ಎಂದು ಕೈ ಬೀಸಿದ್ದೇ ತಡ, ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಗತೊಡಗಿತು. ಯಾರೋ ಬೆಂಚಿನಿಂದ ಜಾರಿದರು. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು, ಅದರ ಜೊತೆಗೇ ಹೆದರಿಕೆ. ಕೆಳಗಿನ ಸೈಕಲ್ ಅಂಗಡಿಯವನು ಏನಾಯಿತೋ ಎಂದು ಮೇಲೆ ಬಂದ. ಹೆಡ್‌ಮೇಡಂ ಕಣ್ಣೊರೆಸಿಕೊಳ್ಳುತ್ತಲೇ ಅವನಿಗೆ ಪುಸ್ತಕ ಚಾಚಿ ಸಹಿ ಹಾಕಿಸಿಕೊಂಡರು.

ನಗದೆ ಉಳಿದವರು ಇಬ್ಬರು. ಔಷಧಿಯವರು ಮೊದಲು ಮಾತಾಡಿದರು.

"ಇದು ನಗೋ ವಿಷಯ ಅಲ್ಲ. ನಮ್ಮ ಸಂಘದ ಮರ್ಯಾದೆ ಮೂರಾಬಟ್ಟೆ ಆಗತ್ತೆ. ಕ್ಷಮೆ ಕೇಳಿ ಪತ್ರ ವಾಪಸು ಕೊಟ್ಬಿಡೋಣ. ಅಧ್ಯಕ್ಷರು ಏನು ಮಾಡ್ಬೇಕು ಅಂತ ಅವರಿಗೇ ಗೊತ್ತು."

ಇನ್ನೊಬ್ಬಳು ಅತ್ತಿಗೆ. ಅವಳು ಎದ್ದು ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಬೆರಳಿಟ್ಟು ಓದಿದಳು. ತನ್ನ ಹೆಸರಿನ ಮೇಲೆ ಬೆರಳು ನಿಂತಿತು.

"ನಾನೂ ಭೇಟಿ ಬೇಡ ಅಂದಿದ್ದೀನಂತೆ" ಎಂದಳು.

ಬೆರಳು ಕೊನೆಯ ಸಾಲಿಗೆ ಇಳಿಯಿತು.

"ನಾನು ಅಂದಿಲ್ಲ. ಪ್ಲಂಬರೂ ಅಂದಿಲ್ಲ." ಅವಳು ನನ್ನ ಮುಖ ನೋಡಿದಳು. "ಹಾಗಾದ್ರೆ ಅವ್ರೂ ಅಂದಿಲ್ಲ."

ಆಮೇಲೆ ಅವಳು ನಕ್ಕಳು. ಹದಿನಾಲ್ಕು ತಿಂಗಳಿಂದ ನಾನು ಆ ಮುಖದಲ್ಲಿ ಹಲ್ಲು ಕಂಡಿರಲಿಲ್ಲ. ನಗುತ್ತ ನಗುತ್ತ ಅತ್ತಳು, ಚೀಲದಿಂದ ಆ ಮಡಿಸಿದ ಕಾಗದಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸುರಿದಳು. ಅವಳಿಗೆ ಬಂದ ಧೈರ್ಯ ನನಗೆ ಬರಲಿಲ್ಲ. 'ಭೇಟಿ ಬೇಡ' ಎಂಬುದು ಸುಳ್ಳಾದರೆ 'ಕ್ಷೇಮ' ಎಂಬುದೂ ಸುಳ್ಳೇ ಇರಬಹುದಲ್ಲ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ವಕೀಲ ಆ ಹೊತ್ತಿಗೆ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಿದ್ದ. ಒಂದರ ಕೆಳಗೆ ಒಂದು ಇಟ್ಟು ನೋಡಿದ. ಹೆಸರುಗಳನ್ನು ಬಿಟ್ಟರೆ ಎಲ್ಲದರಲ್ಲೂ ಅವೇ ಪದ, ಅವೇ ಸಾಲು.

"ಇದನ್ನ ಮಂಗಳವಾರ ಕೋರ್ಟಲ್ಲಿ ಕೊಟ್ರೆ..." ಎಂದು ಕೈಯನ್ನು ಚಾವಣಿಯವರೆಗೆ ಬೀಸಿದ. ಆಮೇಲೆ ಕೈ ಇಳಿಸಿ, "ಆದ್ರೆ ಇವ್ರು ಕೋರ್ಟ್ ಜೊತೆ ಆಟ ಆಡ್ತಿದ್ದಾರೆ ಅಂತ ಜಡ್ಜ್‌ಗೆ ಅನ್ನಿಸಿದ್ರೆ..." ಎಂದು ನೆಲಕ್ಕೆ ಬೀಸಿದ. ಅರ್ಜಿ ಮಣ್ಣು ಮುಕ್ಕುತ್ತದೆ ಎಂದರ್ಥ. ಮುಕ್ಕಿದರೆ ಅಣ್ಣನನ್ನು ತೋರಿಸಿ ಎಂದು ಕೇಳಲು ಇನ್ನೊಂದು ಬಾಗಿಲಿರಲಿಲ್ಲ.

ಔಷಧಿಯವರು ತಟ್ಟನೆ ಪಕ್ಷ ಬದಲಿಸಿದರು. "ಹಾಗಾದ್ರೆ ಬೇಕಂತಲೇ ಮಾಡಿದ್ದು ಅಂತ ಹೇಳೋಣ. ಅವರ ಸುಳ್ಳು ಹಿಡಿಯೋಕೆ ನಾವು ಒಡ್ಡಿದ ಬಲೆ ಅಂತ. ಅದ್ರಲ್ಲಿ ಒಂದು ಗತ್ತಿರತ್ತೆ. ಹಾಳೆ ಅದಲುಬದಲಾಯ್ತು ಅಂದ್ರೆ ಜನ ನಗ್ತಾರೆ."

ಎಲ್ಲರೂ ನನ್ನ ಕಡೆ ನೋಡಿದರು. ಅಧ್ಯಕ್ಷೆ ಎಂದರೆ ಇದೇ ಇರಬೇಕು, ಎಲ್ಲರೂ ಒಮ್ಮೆಗೇ ನೋಡುವುದು. ಬೇಕೆಂದೇ ಮಾಡಿದೆ ಎನ್ನುವ ಆಸೆ ನನಗೂ ಆಯಿತು, ಸುಳ್ಳು ಹೇಳುವುದಿಲ್ಲ. ಒಂದು ಕ್ಷಣ ನಾನೇ ಭಾರಿ ಚಾಣಾಕ್ಷೆಯಂತೆ ಕಂಡೆ. ಆಮೇಲೆ ಗೋಡೆಯ ಮೇಲಿನ ಹಾಳೆ ಕಣ್ಣಿಗೆ ಬಿತ್ತು.

"ನೋಡದೇ ಬರೆಯೋದು ಅವರ ಕೆಲಸ. ನಾನು ಆಗಿದ್ದನ್ನ ಆದ ಹಾಗೇ ಹೇಳ್ತೀನಿ. ನಗೋರು ನಗ್ಲಿ" ಎಂದೆ.

"ಶಾಣೆ" ಎಂದರು ಹೆಡ್‌ಮೇಡಂ. ಅವರ ಬಾಯಲ್ಲಿ ಆ ಪದ ಕೇಳಿ ಔಷಧಿಯವರಿಗೆ ಹೊಟ್ಟೆ ಉರಿದಿರಬೇಕು. ಅವರೂ ಹೆಡ್‌ಮೇಡಂ ಶಿಷ್ಯರೇ.

ಮಂಗಳವಾರ ಹನ್ನೊಂದೂ ಮಂದಿ ನ್ಯಾಯಾಲಯಕ್ಕೆ ಹೋದೆವು. ಹೆಡ್‌ಮೇಡಂ ಕುರ್ಚಿಯಲ್ಲಿ, ಮಡಿಲಲ್ಲಿ ಹಾಜರಿ ಪುಸ್ತಕ. ಪ್ಲಂಬರ್ ಕೆಲಸದಿಂದ ಎದ್ದು ನೇರ ಬಂದಿದ್ದ, ಸ್ಪ್ಯಾನರನ್ನು ಬಾಗಿಲಲ್ಲಿ ಕಸಿದಿಟ್ಟುಕೊಂಡಿದ್ದರು. "ನಾನು ಜೈಲಲ್ಲಿದ್ದೀನಿ ಅಂತ ಹೆಂಡ್ತಿಗೆ ಹೇಳ್ದೆ. ಹಾಗಾದ್ರೆ ನಿನ್ನೆ ಗೊರಕೆ ಹೊಡೆದಿದ್ದು ಯಾರು ಅಂದ್ಲು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ನಗಬಾರದ ಜಾಗದಲ್ಲಿ ನಗು ತಡೆಯುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾನು ಕೆನ್ನೆಯ ಒಳಭಾಗ ಕಚ್ಚಿಕೊಂಡು ಕೂತೆ.

ನ್ಯಾಯಾಧೀಶರು ಸಣಕಲು ಮನುಷ್ಯ, ಕಾಲರ್ ಒಂದೂವರೆ ಇಂಚು ದೊಡ್ಡದು. ಸರ್ಕಾರದ ವಕೀಲರ ಎದೆ ಸುತ್ತಳತೆ ನಲವತ್ತಾರು, ಗುಂಡಿ ಜೀವ ಹಿಡಿದುಕೊಂಡು ನಿಂತಿತ್ತು. ಅವರು ಎಂದಿನಂತೆ ಗಂಟಲು ಸರಿಮಾಡಿಕೊಂಡು, ಕಾರಾಗೃಹದ ಉತ್ತರಗಳಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ ಎಂದರು. ನಮ್ಮ ವಕೀಲ ಎದ್ದು ಹೊಸ ಕಾಗದವನ್ನು ಅವರಿಗೇ ಮೊದಲು ಕೊಟ್ಟ.

"ಇದು ಕಾರಾಗೃಹದ್ದೇ ಪತ್ರವೇ?"

ಅವರು ಮೊಹರು ನೋಡಿದರು, ಸಹಿ ನೋಡಿದರು. "ಹೌದು, ಹೌದು. ಕಳೆದ ವಾರದ್ದೇ."

"ಇದರಲ್ಲಿರುವುದೆಲ್ಲ ನಿಜವೇ?"

"ಅಕ್ಷರಶಃ."

"ಹಾಗಾದರೆ ಸ್ವಾಮಿ, ಇದರಲ್ಲಿ ಜೈಲಿನಲ್ಲಿದ್ದಾರೆ ಎಂದಿರುವ ಹನ್ನೊಂದು ಮಂದಿಯೂ ಈ ಕೋಣೆಯಲ್ಲಿ ಕೂತಿದ್ದಾರೆ, ಅವರ ಗುರುತಿನ ಚೀಟಿಗಳು ಇಲ್ಲಿವೆ, ಮತ್ತು ಕ್ರಮಸಂಖ್ಯೆ ನಾಲ್ಕು ನಾನೇ" ಎಂದ ನಮ್ಮ ವಕೀಲ. ಅವನು ಒಂದು ವಾಕ್ಯವನ್ನು ಪೂರ್ತಿ ಮುಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನ್ಯಾಯಾಧೀಶರು ಪತ್ರ ತರಿಸಿಕೊಂಡು ಓದಿದರು. ಹುಬ್ಬು ಮೇಲೇರುತ್ತ ಹೋಯಿತು. ಒಬ್ಬೊಬ್ಬರನ್ನೇ ಕರೆದು, ಚೀಟಿ ನೋಡಿ, ಎದ್ದು ನಿಲ್ಲಿಸಿದರು. ಎರಡನೇ ಹೆಸರಿಗೆ ಹೆಡ್‌ಮೇಡಂ ಕೈ ಮಾತ್ರ ಎತ್ತಿದರು.

"ಮಂಡಿ ನೋವು. ಕೂತೇ ಇರ್ತೀನಿ."

"ಪ್ರತಿದಿನ ವ್ಯಾಯಾಮ ಮಾಡ್ತೀರಿ ಅಂತ ಇದೆ."

"ಜೈಲಲ್ಲಿರೋಳು ಮಾಡ್ತಿರಬೇಕು. ಇಲ್ಲಿರೋಳಿಗೆ ಆಗ್ತಿಲ್ಲ."

ಪೇದೆಯೊಬ್ಬ ಗೋಡೆಯ ಕಡೆ ಮುಖ ತಿರುಗಿಸಿಕೊಂಡ, ಅವನ ಭುಜ ಕುಣಿಯುತ್ತಿತ್ತು. ಸರ್ಕಾರದ ವಕೀಲರ ಗುಂಡಿ ಅಷ್ಟರಲ್ಲಿ ಕಿತ್ತು ಮೇಜಿನ ಮೇಲೆ ಉರುಳಿತು. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇದು ನ್ಯಾಯಾಲಯವನ್ನೇ ಗೇಲಿ ಮಾಡುವ ಪಿತೂರಿ, ಅರ್ಜಿಯನ್ನು ಈಗಲೇ ವಜಾ ಮಾಡಬೇಕು ಎಂದು ಕೂಗಾಡಿದರು. ನಗು ನಿಂತಿತು. ನ್ಯಾಯಾಧೀಶರು ನನ್ನನ್ನು ಮುಂದೆ ಕರೆದರು.

"ನೀವು ಅಧ್ಯಕ್ಷರು. ಇದನ್ನ ಬೇಕಂತ ಮಾಡಿದ್ರಾ?"

ಬೆನ್ನ ಹಿಂದೆ ಔಷಧಿಯವರು ಕೆಮ್ಮಿದರು. ಅವರ ಅಂಗಡಿಯ ಯಾವ ಔಷಧಿಗೂ ಬಗ್ಗದ ಕೆಮ್ಮು ಅದು.

"ಇಲ್ಲ ಸ್ವಾಮಿ. ತಪ್ಪಾಯ್ತು. ಎರಡು ಹಾಳೆ ಅದಲುಬದಲಾದ್ವು, ನಾನು ನೋಡ್ಲಿಲ್ಲ. ಜೈಲಲ್ಲಿರೋರ ಹೆಸರು ಐದು ದಿನ ನಮ್ಮ ಗೋಡೆ ಮೇಲಿತ್ತು, ನಮ್ಮಲ್ಲಿ ಒಬ್ರೂ ಓದ್ಲಿಲ್ಲ. ಅದಕ್ಕೆ ನನಗೆ ನಾಚಿಕೆ ಆಗತ್ತೆ." ಅಲ್ಲಿಗೆ ನಿಲ್ಲಿಸಬೇಕೆಂದು ವಕೀಲ ಹೇಳಿಕೊಟ್ಟಿದ್ದ. ನನ್ನ ನಾಲಿಗೆ ನಿಲ್ಲಲಿಲ್ಲ. "ಆದ್ರೆ ನಾವು ಓದದೇ ಇದ್ರೆ ಗೋಡೆ ಅಂದಗೆಡತ್ತೆ, ಅಷ್ಟೇ. ಅವ್ರು ಓದದೇ ಬರೆದ್ರೆ ನನ್ನಣ್ಣ ಬದುಕಿದ್ದಾನೋ ಇಲ್ವೋ ಅಂತ ನನಗೆ ಗೊತ್ತಾಗಲ್ಲ. ಹದಿನಾಲ್ಕು ತಿಂಗಳಾಯ್ತು. ನನಗೆ ಅವನು ಕ್ಷೇಮ ಅನ್ನೋ ಕಾಗದ ಬೇಡ. ಹೇಗಾದ್ರೂ ಇರ್ಲಿ, ಕಣ್ಣಿಗೆ ತೋರಿಸಿ."

ಹೇಳಿಬಿಟ್ಟೆ. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಬದುಕಿದ್ದಾನೋ ಇಲ್ಲವೋ ಎಂಬ ಮಾತು ಅವಳ ಕಿವಿಗೆ ಬಿದ್ದದ್ದು ಆಗಲೇ.

ನ್ಯಾಯಾಧೀಶರು ಸ್ವಲ್ಪ ಹೊತ್ತು ಆ ದೊಡ್ಡ ಕಾಲರಿನೊಳಗೆ ಕತ್ತು ಆಡಿಸಿದರು. ಆಮೇಲೆ ಬರೆಸಿದರು: ಈ ಪಟ್ಟಿಯ ಹನ್ನೊಂದು ಮಂದಿ ನ್ಯಾಯಾಲಯದ ಮುಂದೆ ಹಾಜರಾಗಿದ್ದಾರೆ, ಕ್ಷೇಮವಾಗಿದ್ದಾರೆ. ಇನ್ನೊಂದು ಪಟ್ಟಿಯ ಹನ್ನೊಂದು ಮಂದಿಯನ್ನು ಇಂದೇ ಮಧ್ಯಾಹ್ನ ಮೂರು ಗಂಟೆಗೆ ಇದೇ ಬಾಗಿಲಿನಿಂದ ಒಳಗೆ ಕರೆತರಬೇಕು.

ಮೂರು ಗಂಟೆಯವರೆಗೆ ನಾವು ಜಗಲಿಯಲ್ಲಿ ಕೂತೆವು. ಗೆದ್ದ ಹುರುಪಿನಲ್ಲಿ ಎಲ್ಲರಿಗೂ ಬಾಯಿ ಬಿಚ್ಚಿತ್ತು. ಪ್ಲಂಬರ್ ನ್ಯಾಯಾಲಯದ ನಲ್ಲಿಯೂ ಸೋರುತ್ತಿದೆ ಎಂದು ಕಂಡುಹಿಡಿದು, ಬಾಗಿಲಲ್ಲಿ ಸ್ಪ್ಯಾನರು ಕೇಳಿ ಪಡೆದು ಅದನ್ನು ಬಿಗಿ ಮಾಡಿ ಬಂದ. ಔಷಧಿಯವರು ನನ್ನ ಪಕ್ಕಕ್ಕೆ ಬಂದು, ತಮಗೇ ಕೇಳಿಸದಷ್ಟು ಮೆಲ್ಲಗೆ, "ಚೆನ್ನಾಗಿ ಹೇಳಿದ್ರಿ" ಎಂದರು. ಅತ್ತಿಗೆ ಮಾತ್ರ ನನ್ನ ಕೈ ಹಿಡಿದುಕೊಂಡು ಗೇಟನ್ನೇ ನೋಡುತ್ತಿದ್ದಳು. ಗಡಿಯಾರ ಮೂರು ದಾಟಿತು, ಮೂರೂ ಕಾಲು ಆಯಿತು. ನಾನು ಮನಸ್ಸಿನಲ್ಲೇ ಅಂಗಳ ಅಳೆಯತೊಡಗಿದೆ. ಗೇಟಿನಿಂದ ಮೆಟ್ಟಿಲಿಗೆ ನಲವತ್ತು ಅಡಿ.

ನೀಲಿ ವ್ಯಾನು ಬಂದು ಹಿಂಬದಿಯ ಬಾಗಿಲು ತೆರೆಯಿತು. ಎಲ್ಲರ ಗಡ್ಡವೂ ಬೆಳೆದಿತ್ತು, ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿದ್ದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇಳಿದರು. ನಾನು ಮುಖ ಮುಖ ಹುಡುಕಿದೆ. ಎಣಿಸಿದೆ, ಹನ್ನೊಂದಿತ್ತು. ಮತ್ತೆ ಹುಡುಕಿದೆ. ಅಣ್ಣ ಕಾಣಲಿಲ್ಲ.

ಆಗ ಒಂದು ಕಾಲರ್ ಕಂಡಿತು. ಹದಿನೈದೂವರೆ ಇಂಚು, ತುದಿ ದುಂಡಗೆ, ಒಳಗಡೆ ಎರಡು ಹೊಲಿಗೆ. ನಾನು ಹೊಲಿದ ಕಾಲರನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಅದರೊಳಗಿನ ಕತ್ತು ಹದಿಮೂರೂ ಇರಲಿಲ್ಲ. ಕತ್ತಿನ ಮೇಲಿದ್ದ ಮುಖವನ್ನು ಆಮೇಲೆ ನೋಡಿದೆ. ಅವನೇ ಆಗಿದ್ದ.

ನಾನು ಅತ್ತೆ. ನಲವತ್ತು ಅಡಿಯನ್ನು ಹೇಗೆ ದಾಟಿದೆನೋ ತಿಳಿಯದು. ನನಗಿಂತ ಮುಂಚೆ ಅತ್ತಿಗೆ ತಲುಪಿದ್ದಳು. ಅವಳು ಮೊದಲು ಹೇಳಿದ ಮಾತು, "ಏಣಿ ವಾಪಸು ಕೊಟ್ಟಿದ್ದಾರೆ. ಹಜಾರದಲ್ಲೇ ಇದೆ. ನಾನು ತೆಗೆದಿಲ್ಲ."

ಅಣ್ಣ ನಕ್ಕ. ಮುಂದಿನ ಒಂದು ಹಲ್ಲು ಇರಲಿಲ್ಲ. "ನೀವೇ ಬರಲ್ಲ ಅಂದ್ರಿ ಅಂತ ಜೈಲಲ್ಲಿ ಹೇಳಿದ್ರು" ಎಂದ. ಆಮೇಲೆ ನನ್ನ ಕಡೆ ತಿರುಗಿ ಕಾಲರೊಳಗೆ ಎರಡು ಬೆರಳು ತೂರಿಸಿ ತೋರಿಸಿದ. "ಅಳತೆ ತಪ್ಪಿದೆ ನೋಡು."

"ನನ್ನದೇನೂ ತಪ್ಪಿಲ್ಲ, ತಪ್ಪಿದ್ದು ನೀನು" ಎಂದೆ. ಹಾಳೆಯ ಕಥೆಯನ್ನು ಉಸಿರುಗಟ್ಟಿ ಹೇಳಿದೆ. ಹೇಳುವಷ್ಟರಲ್ಲಿ ಪೇದೆಗಳು ಸಾಲು ಮಾಡಲು ಬಂದರು. ಅವತ್ತೇನೂ ಅವನು ಮನೆಗೆ ಬರಲಿಲ್ಲ. ವಾರಕ್ಕೊಂದು ಭೇಟಿ, ಹೊರಗಿನ ವೈದ್ಯರ ತಪಾಸಣೆ, ತಿಂಗಳೊಳಗೆ ವಿಚಾರಣೆ ಎಂದಷ್ಟೇ ಆದೇಶವಾಯಿತು. ಆದರೆ ನ್ಯಾಯಾಲಯದೊಳಗೆ ಕರೆದುಕೊಂಡು ಹೋಗುವ ಮುಂಚೆ ಜಗಲಿಯ ಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ ಇತ್ತು.

"ನಿಲ್ಲಿ. ನಮ್ಮ ಸಂಘದ ಹತ್ತೂ ಮಂದಿ ಇಲ್ಲಿದ್ದೀವಿ, ಅಧ್ಯಕ್ಷರಿದ್ದಾರೆ. ಇದು ಸಭೆ. ಸಭೆ ನಡೆಯೋ ಜಾಗದಲ್ಲಿ ಇರೋರೆಲ್ಲ ಸಹಿ ಹಾಕ್ಬೇಕು" ಎಂದರು ಹೆಡ್‌ಮೇಡಂ.

ಪೇದೆ ಏನೋ ಹೇಳಲು ಬಾಯಿ ತೆರೆದ. ಅವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ನೀನು ನಾಲ್ಕನೇ ಕ್ಲಾಸ್ ಬಿ ಸೆಕ್ಷನ್ ಅಲ್ವಾ?"

ಅವನೇ ಮೊದಲು ಸಹಿ ಹಾಕಿದ. ಆಮೇಲೆ ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಬಗ್ಗಿ, ತಮ್ಮ ಹೆಸರನ್ನು ತಮ್ಮ ಕೈಯಿಂದಲೇ ಬರೆದರು. ವಾರ ವಾರ ನಾನು ಬರೆಯುತ್ತಿದ್ದ ಹೆಸರುಗಳು ಅವರವರ ಅಕ್ಷರದಲ್ಲಿ ಬೇರೆಯೇ ಆಗಿ ಕಂಡವು. ಅಣ್ಣನ ಸರದಿ ಕೊನೆಯಲ್ಲಿ ಬಂತು. ಪೆನ್ನು ಹಿಡಿದವನು ಮೊದಲು ಗೆರೆ ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಹೆಸರು ಬರೆದ, ವಯಸ್ಸು ಬರೆದ. ಪೇದೆ ತೋಳು ಹಿಡಿದು ಎಳೆಯುತ್ತಿದ್ದರೂ ಬಿಡದೆ, ಬಲಗಡೆ ಮೂಲೆಯಲ್ಲಿ ಅಂಗಡಿಯ ವಿಳಾಸವನ್ನೂ ಬರೆದ.